ಸ್ಟೀರಿಂಗ್ ಚಕ್ರ ಓರೆಯಾಗುವುದೇಕೆ?

ಮೋಟಾರು ಕಾರಿನ ಗಾಲಿಗಳ ಹೊಂದಾಣಿಕೆಯನ್ನು, ಎಂದರೆ ವೀಲ್ ಅಲೈನ್‌ಮೆಂಟನ್ನು, ಮಾಡಿಸಿಕೊಂಡು ಹೊರಟ ಚಾಲಕನಿಗೆ ಕೆಲವೊಮ್ಮೆ ವಿಚಿತ್ರವಾದ ಅನುಭವವಾಗುವುದುಂಟು. ಕಾರೇನೋ ನೆಟ್ಟಗೆ ಓಡುತ್ತಿರುತ್ತದೆ. ಕೈಯಲ್ಲಿರುವ ಸ್ಟೀರಿಂಗ್ ಚಕ್ರ ಮಾತ್ರ ಒಂದು ಪಕ್ಕಕ್ಕೆ ಓರೆಯಾಗಿ ನಿಂತಿರುತ್ತದೆ. ಗ್ಯಾರೇಜಿಗೆ ಹಿಂದಿರುಗಿ ಕೇಳಿದರೆ, "ಯಂತ್ರದಲ್ಲಿ ಅಳತೆಗಳೆಲ್ಲ ಸರಿಯಾಗಿವೆ, ನಾಲ್ಕು ದಿನ ಓಡಿಸಿ, ತಾನೇ ಸರಿಹೋಗುತ್ತದೆ" ಎಂಬ ಉತ್ತರ ಬರಬಹುದು. ಇದರ ಮೊದಲ ಭಾಗ ನಿಜವಿದ್ದರೂ ಇರಬಹುದು. ಎರಡನೆಯ ಭಾಗವನ್ನು ನಂಬಬೇಕಾದುದಿಲ್ಲ.

ಅಳತೆ ಸರಿಯಾಗಿದ್ದೂ ಚಕ್ರ ಓರೆಯಾಗುವುದು ಹೇಗೆ? ಇಂದಿನ ಬಹುತೇಕ ಕಾರುಗಳಲ್ಲಿ ಸ್ಟೀರಿಂಗ್ ದಂಡದ ಕೆಳತುದಿಯಲ್ಲಿ ಚಿಕ್ಕದೊಂದು ಹಲ್ಲುಚಕ್ರವಿದ್ದು, ಅದು ಅಡ್ಡಲಾಗಿರುವ ಹಲ್ಲಿನ ಸರಳೊಂದನ್ನು ಎಡಕ್ಕೂ ಬಲಕ್ಕೂ ಸರಿಸುತ್ತದೆ. ಸರಳಿನ ಎರಡು ತುದಿಗಳಿಂದ ಹೊರಟ ಟೈ ರಾಡ್ ಎಂಬ ಕಡ್ಡಿಗಳು ಮುಂದಿನ ಗಾಲಿಗಳನ್ನು ತಿರುಗಿಸುತ್ತವೆ. ಈ ಕಡ್ಡಿಗಳ ಉದ್ದವನ್ನು ತಿರುಪಿನಿಂದ ಹೆಚ್ಚು ಕಡಮೆ ಮಾಡಬಹುದು. ಮೇಲಿನಿಂದ ನೋಡಿದಾಗ ಗಾಲಿಗಳು ಎಷ್ಟು ಒಳಮುಖವಾಗಿ ಅಥವಾ ಹೊರಮುಖವಾಗಿ ಇವೆಯೋ ಆ ಕೋನಕ್ಕೆ ಟೋ ಎಂದು ಹೆಸರು.

ಒಂದು ಕಾರಿನ ಎರಡು ಮುಂಗಾಲಿಗಳೂ ಅರ್ಧರ್ಧ ಡಿಗ್ರಿ ಹೊರಮುಖವಾಗಿವೆ ಎಂದಿಟ್ಟುಕೊಳ್ಳೋಣ. ಒಟ್ಟು ದೋಷ 1 ಡಿಗ್ರಿ. ಬಲಗಡೆಯ ತಿರುಪು ತುಕ್ಕು ಹಿಡಿದು ಅಲುಗದು. ಮೆಕ್ಯಾನಿಕನು ಎಡಗಡೆಯದನ್ನೇ ಪೂರ್ತಿ 1 ಡಿಗ್ರಿ ತಿರುಗಿಸುತ್ತಾನೆ. ಗಾಲಿಗಳು ಈಗ ಸಮಾನಾಂತರವಾದವು, ಒಟ್ಟು ಟೋ ಸೊನ್ನೆಯಾಯಿತು. ಆದರೆ ಸ್ಟೀರಿಂಗ್ ನೆಟ್ಟಗಿರುವಾಗ ಎರಡು ಗಾಲಿಗಳೂ ಅರ್ಧ ಡಿಗ್ರಿ ಬಲಕ್ಕೆ ನೋಡುತ್ತಿವೆ! ನೇರವಾಗಿ ಹೋಗಬೇಕಾದರೆ ಅವನ್ನು ಅಷ್ಟೇ ಎಡಕ್ಕೆ ತಿರುಗಿಸಬೇಕು. ಸ್ಟೀರಿಂಗ್ ಚಕ್ರ 15 ಡಿಗ್ರಿ ತಿರುಗಿದಾಗ ಗಾಲಿ 1 ಡಿಗ್ರಿ ತಿರುಗುವುದು ಸಾಮಾನ್ಯ ಪ್ರಮಾಣ. ಆದುದರಿಂದ ಚಕ್ರವು ಏಳೂವರೆ ಡಿಗ್ರಿ ಎಡಕ್ಕೆ ವಾಲುತ್ತದೆ. ಗಡಿಯಾರದ ನಿಮಿಷದ ಮುಳ್ಳು ಒಂದೂಕಾಲು ನಿಮಿಷದಲ್ಲಿ ಸಾಗುವಷ್ಟೇ ದೂರ; ಆದರೂ ಕಣ್ಣು ಅದನ್ನು ಮರೆಯುವುದಿಲ್ಲ.

ತಿರುಪುಗಳು ಚೆನ್ನಾಗಿದ್ದರೂ, ಕೆಲಸದ ವೇಳೆ ಸ್ಟೀರಿಂಗನ್ನು ನೆಟ್ಟಗೆ ಬಿಗಿದು ನಿಲ್ಲಿಸದಿದ್ದರೆ ಇದೇ ಫಲ. ಪರಿಹಾರವೂ ಸುಲಭ: ಚಕ್ರವನ್ನು ನೇರವಾಗಿ ಬಿಗಿದು, ಒಂದು ಕಡ್ಡಿಯನ್ನು ಉದ್ದಮಾಡಿದಷ್ಟೇ ಇನ್ನೊಂದನ್ನು ಗಿಡ್ಡಮಾಡಬೇಕು. ಒಟ್ಟು ಟೋ ಬದಲಾಗುವುದಿಲ್ಲ.

ಕೆಲವರು ಇಷ್ಟು ಶ್ರಮಪಡದೆ, ಸ್ಟೀರಿಂಗ್ ಚಕ್ರವನ್ನೇ ಕಳಚಿ ಒಂದು ಹಲ್ಲು ಸರಿಸಿ ಕೂರಿಸಿಬಿಡುತ್ತಾರೆ. ಇದು ದೋಷವನ್ನು ಮುಚ್ಚುವ ಉಪಾಯವೇ ಹೊರತು ತಿದ್ದುವುದಲ್ಲ. ಹಲ್ಲಿನ ಸರಳು ನಡುವಿನಿಂದ ಸರಿದೇ ಇರುವುದರಿಂದ ಕಾರು ಒಂದು ಕಡೆಗೆ ಹೆಚ್ಚು, ಮತ್ತೊಂದು ಕಡೆಗೆ ಕಡಮೆ ತಿರುಗುತ್ತದೆ. ಗಾಳಿಚೀಲವಿರುವ ಚಕ್ರವನ್ನು ಅರಿಯದವರು ಬಿಚ್ಚುವುದು ಅಪಾಯಕರ. ಅಲ್ಲದೆ, ಜಾರುವ ಕಾರನ್ನು ಸ್ಥಿರಗೊಳಿಸುವ ವಿದ್ಯುನ್ಮಾನ ವ್ಯವಸ್ಥೆಯುಳ್ಳ ಕಾರುಗಳಲ್ಲಿ ಸ್ಟೀರಿಂಗಿನ ಕೋನವನ್ನು ಅಳೆಯುವ ಸಾಧನವೊಂದಿರುತ್ತದೆ. ಅದರ ಸೊನ್ನೆ ತಪ್ಪಿದರೆ, ನೇರವಾಗಿ ಹೋಗುತ್ತಿರುವ ಚಾಲಕನು ತಿರುವಿನಲ್ಲಿದ್ದಾನೆಂದು ಆ ವ್ಯವಸ್ಥೆ ಭ್ರಮಿಸಬಹುದು. ಆದುದರಿಂದ ಹೊಂದಾಣಿಕೆಯ ಬಳಿಕ ಆ ಸೊನ್ನೆಯನ್ನೂ ಪರೀಕ್ಷಿಸಬೇಕು.

ದೂರು ಹೇಳುವ ಮೊದಲು ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಬೇಕು. ಮಳೆನೀರು ಹರಿದುಹೋಗಲೆಂದು ರಸ್ತೆಗಳನ್ನು ಅಂಚಿಗೆ ಇಳಿಜಾರಾಗಿ ಮಾಡಿರುತ್ತಾರೆ. ಎಡಬದಿಯಲ್ಲಿ ಸಾಗುವ ನಮ್ಮ ಕಾರುಗಳಲ್ಲಿ ಚಕ್ರವನ್ನು ಕೊಂಚ ಬಲಕ್ಕೆ ಹಿಡಿಯಬೇಕಾಗುವುದು ಸಹಜ.

ಮುಂಗಾಲಿಗಳೆಲ್ಲ ಸರಿಯಾಗಿದ್ದೂ ಚಕ್ರ ಓರೆಯಾಗಿಯೇ ಉಳಿದರೆ ಹಿಂದಿನ ಗಾಲಿಗಳನ್ನು ಸಂಶಯಿಸಬೇಕು. ಅವು ಒಂದು ಪಕ್ಕಕ್ಕೆ ನೋಡುತ್ತಿದ್ದರೆ ಕಾರಿನ ಹಿಂಭಾಗ ಅತ್ತ ಸರಿಯುತ್ತದೆ. ಮುಂಗಾಲಿಗಳೂ ಅದೇ ದಿಕ್ಕನ್ನು ಹಿಡಿಯಬೇಕಾಗುತ್ತದೆ. ಮುಂಗಾಲಿಗಳನ್ನಷ್ಟೇ ಅಳೆಯುವವರಿಗೆ ಈ ದೋಷ ಕಾಣುವುದೇ ಇಲ್ಲ. ಹಿಂದಿನ ಅಚ್ಚಿನಲ್ಲಿ ಹೊಂದಿಸುವ ತಿರುಪೇ ಇಲ್ಲದ ಕಾರುಗಳಲ್ಲಿ, ಮುಂಗಾಲಿಗಳನ್ನು ಹಿಂಗಾಲಿಗಳ ದಿಕ್ಕಿಗೆ ಹೊಂದಿಸಿದರೆ ಸ್ಟೀರಿಂಗ್ ನೆಟ್ಟಗಾಗುತ್ತದೆ. ಕಾರಿನ ಮೈ ಮಾತ್ರ ತುಸು ಓರೆಯಾಗಿಯೇ ಸಾಗುತ್ತದೆ.