ಕಟಾದ ನಾಲ್ಕನೇ ವರಸೆ

 

ಗಣರಾಜ್ಯೋತ್ಸವದ ದಿನ ನಾವು ಹದಿನಾರು ಹುಡುಗಿಯರು ಮೈದಾನದಲ್ಲಿ ಕರಾಟೆ ಕಟಾ ಮಾಡಿದ್ದು ನಿಮಗೆ ನೆನಪಿರಬಹುದು. ಕಟಾ ಎಂದರೆ ತಡೆ, ಗುದ್ದು, ತಿರುವುಗಳನ್ನು ಕ್ರಮವಾಗಿ ಜೋಡಿಸಿದ ಅಭ್ಯಾಸ. ನಮ್ಮ ಕನ್ನಡದಲ್ಲಿ ಅದಕ್ಕೆ ವರಸೆ ಎಂಬ ಒಳ್ಳೆಯ ಮಾತೇ ಇದೆ. ದೊಣ್ಣೆ ವರಸೆ, ಕತ್ತಿ ವರಸೆ ಅನ್ನುತ್ತೇವಲ್ಲ, ಅದೇ. ನಾವು ಮಾಡಿದ್ದು ಹೇಯನ್ ಶೋದಾನ್ ಎಂಬುದು. ಅದರಲ್ಲಿ 21 ಚಲನೆಗಳಿವೆ. ಎಲ್ಲರ ಕೈಕಾಲು ಒಟ್ಟಿಗೆ ಎದ್ದವು, ಚಪ್ಪಾಳೆಯೂ ಬಿತ್ತು.

ಅದೇ ಸಂಜೆ ನಮ್ಮಣ್ಣ ನನ್ನ ಬಲಗೈ ಮಣಿಕಟ್ಟು ಹಿಡಿದು, "ಕರಾಟೆ ಕಲ್ತಿದ್ದೀಯಲ್ಲ, ಬಿಡಿಸ್ಕೋ ನೋಡೋಣ" ಅಂದ. ಎಳೆದೆ, ಕೊಸರಾಡಿದೆ, ಕೊನೆಗೆ ಕಚ್ಚಕ್ಕೂ ಹೋದೆ. ಆಗಲಿಲ್ಲ. ಅವನು ಹಿಡಿದಿದ್ದು ತಮಾಷೆಗೆ, ಆದರೂ ನನಗೆ ಅಳು ಬಂತು. ಶಾಲೆಯಿಂದ ನಮ್ಮೂರಿಗೆ ಮಾವಿನ ತೋಪುಗಳ ಮಧ್ಯೆ ದಿನಾ ನಡೆದು ಹೋಗುವವಳು ನಾನು. ಕೆಲವು ದಿನ ಒಬ್ಬಳೇ.

ಜಗಲಿ ಮೇಲೆ ಕೂತಿದ್ದ ತಾತ ಕೇಳಿದರು: "ಏನಮ್ಮಣ್ಣಿ, ಬೆಳಿಗ್ಗೆ ಅಷ್ಟು ಚೆನ್ನಾಗಿ ಕೈ ಬೀಸಿದೆಯಲ್ಲ, ಎದುರಿಗೆ ಯಾರಿದ್ರು?"

"ಯಾರೂ ಇರಲಿಲ್ಲ ತಾತ."

"ಅದಕ್ಕೇ ಹಿಂಗಾಯ್ತು. ನಾವು ಗರಡೀಲಿ ದೊಣ್ಣೆ ತಿರುಗಿಸೋವಾಗ ಉಸ್ತಾದ್ರು ನಡುವೆ ನಿಲ್ಲಿಸಿ ಕೇಳೋರು, ಈ ಏಟು ತಲೆಗೋ ಮೊಣಕಾಲಿಗೋ ಅಂತ. ಹೇಳಕ್ಕಾಗದೇ ಇದ್ರೆ ಮತ್ತೆ ಮೊದಲಿಂದ."

ಆ ರಾತ್ರಿ ಒಂದೊಂದೇ ಚಲನೆ ನೆನೆಸಿಕೊಂಡು ಇದು ಯಾತಕ್ಕೆ ಅಂತ ಕೇಳಿಕೊಂಡೆ. ನಾಲ್ಕನೇದಕ್ಕೆ ಬಂದಾಗ ಎದ್ದು ಕೂತೆ. ಅದರಲ್ಲಿ ಮುಂದಿಟ್ಟ ಬಲಗಾಲನ್ನು ಹಿಂದಕ್ಕೆ ಸೆಳೆದು, ಬಲಗೈಯನ್ನು ಎಳೆದು ತಲೆಯ ಮೇಲಿಂದ ಸುತ್ತಿಸಿ, ಮುಷ್ಟಿಯನ್ನು ಸುತ್ತಿಗೆಯ ಹಾಗೆ ಕೆಳಕ್ಕೆ ಬಡಿಯುತ್ತೇವೆ. ಅಂದರೆ ಯಾರೋ ಬಲಗೈ ಹಿಡಿದಿದ್ದಾರೆ! ಅಣ್ಣ ಹಿಡಿದದ್ದೂ ಅದನ್ನೇ. ಬೆಳಿಗ್ಗೆ ಸಾವಿರ ಜನರ ಮುಂದೆ ಮಾಡಿದ್ದನ್ನು ಸಂಜೆ ಅಂಗಳದಲ್ಲಿ ಮಾಡಲಿಲ್ಲ, ಯಾಕೆಂದರೆ ಅದು ಅದಕ್ಕೇ ಅಂತ ಗೊತ್ತಿರಲಿಲ್ಲ.

ಬಿಡಿಸಿಕೊಳ್ಳುವ ಬಗೆ ಹೀಗೆ. ಹಿಡಿದವರ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ಆ ಎರಡೂ ಕೂಡುವ ಸಂದಿನಲ್ಲಿ ಹಿಡಿತ ಸಡಿಲ. ನಮ್ಮ ಮಣಿಕಟ್ಟನ್ನು ತಿರುಗಿಸಿ ಅದರ ಕಿರಿದಾದ ಅಂಚನ್ನು ಆ ಸಂದಿಗೆ ತರಬೇಕು, ಆಮೇಲೆ ಎಳೆಯಬೇಕು. ಬರೀ ತೋಳಿನಿಂದ ಎಳೆದರೆ ಸಾಲದು. ಕಾಲು ಹಿಂದಕ್ಕೆ ಬಂದಾಗ ಇಡೀ ಮೈಭಾರ ಎಳೆಯುತ್ತದೆ. ಕಟಾದಲ್ಲಿ ಕಾಲು ಸೆಳೆಯುವುದು ಚೆಂದಕ್ಕಲ್ಲ.

ಮಗ್ಗಿಯೂ ಹಾಗೇ ತಾನೇ? ಹದಿನಾರರ ಮಗ್ಗಿ ಗಿಣಿಯಂತೆ ಒಪ್ಪಿಸುವವರು ಕೆಲವರು ಅಂಗಡಿಯಲ್ಲಿ ಚಿಲ್ಲರೆ ಲೆಕ್ಕಕ್ಕೆ ತಡವರಿಸುತ್ತಾರೆ. (ಯಾರು ಅಂತ ಬರೆಯಲ್ಲ.) ಸಂಗೀತ ಕಲಿಯುವವರು ಸರಳೆ ವರಸೆ, ಜಂಟಿ ವರಸೆಗಳಿಂದ ಶುರು ಮಾಡುತ್ತಾರೆ. ಕಚೇರಿಯಲ್ಲಿ ಅವನ್ನು ಯಾರೂ ಹಾಡುವುದಿಲ್ಲ, ಆದರೆ ಗಂಟಲು ಪಳಗುವುದು ಅಲ್ಲೇ. ಜಗಳವೂ ಒಂದರಿಂದ ಇಪ್ಪತ್ತೊಂದರ ತನಕ ಕ್ರಮವಾಗಿ ಬರಲ್ಲ.

ಈ ಕಟಾ ಶಾಲೆಗೆಂದೇ ಹುಟ್ಟಿದ್ದು. ಜಪಾನಿನ ಓಕಿನಾವಾ ದ್ವೀಪದ ಇತೋಸು ಆಂಕೋ ಎಂಬ ಗುರುಗಳು 20ನೇ ಶತಮಾನದ ಮೊದಲಲ್ಲಿ ಶಾಲಾ ಮಕ್ಕಳಿಗಾಗಿ ಪಿನಾನ್ ಎಂಬ ಐದು ಕಟಾಗಳನ್ನು ರೂಪಿಸಿದರು. ಫುನಾಕೋಶಿ ಗಿಚಿನ್ ಅವುಗಳಿಗೆ ಹೇಯನ್ ಎಂದು ಹೆಸರಿಟ್ಟರು. ಇತೋಸು 1908ರಲ್ಲಿ ಹತ್ತು ಅಂಶಗಳ ಪತ್ರವೊಂದನ್ನು ಬರೆದರು. ಪ್ರತಿಯೊಂದು ಚಲನೆಯ ಉಪಯೋಗ ತಿಳಿದು ಅಭ್ಯಾಸ ಮಾಡಿ ಎಂಬುದು ಅದರಲ್ಲಿ ಒಂದು. ಗರಡಿಯ ಉಸ್ತಾದರು ಕೇಳಿದ್ದೂ ಅದನ್ನೇ.

ಈಗ ನಾನು ದಿನಾ ಇಡೀ ಕಟಾ ಒಂದೇ ಸಲ ಮಾಡುತ್ತೇನೆ. ಉಳಿದ ಹೊತ್ತು ಒಂದು ತುಂಡನ್ನು ಮಾತ್ರ ಜೊತೆಗಾತಿಯ ಜೊತೆ ಇಪ್ಪತ್ತು ಸಲ. ಮೊದಲು ನಿಧಾನ, ಆಮೇಲೆ ಗಟ್ಟಿ ಹಿಡಿತ. ಮುಷ್ಟಿ ಒಂದು ಗೇಣು ದೂರದಲ್ಲೇ ನಿಲ್ಲಬೇಕು, "ಸಾಕು" ಅಂದರೆ ತಕ್ಷಣ ಬಿಡಬೇಕು. ಒಂಬತ್ತನೇ ಮತ್ತು ಹದಿನೇಳನೇ ಚಲನೆಯಲ್ಲಿ ಕಿಯಾಯ್ ಎಂಬ ಕೂಗಿದೆ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದು, ನಾಚಿಕೆ. ತೋಪಿನ ದಾರಿಯಲ್ಲಿ ಕೂಗಿ ಓಡುವುದೇ ಮೊದಲ ಪಟ್ಟು ಎಂದು ತಿಳಿದ ಮೇಲೆ ಗಟ್ಟಿಯಾಗಿ ಕೂಗುತ್ತೇನೆ, ಪಕ್ಕದ ಮನೆ ನಾಯಿ ಬೊಗಳುತ್ತೆ.

ಅಣ್ಣ ಮೊನ್ನೆ ಮತ್ತೆ ಬಲಗೈ ಹಿಡಿದ. ಮೂರನೇ ಸಲಕ್ಕೆ ಬಿಡಿಸಿಕೊಂಡೆ. ಆದರೆ ಅವನು ಚಾಲಾಕು, ಈಗ ಎಡಗೈ ಹಿಡಿಯುತ್ತಾನೆ. ಕಟಾದಲ್ಲಿ ಅದು ಇಲ್ಲ, ನಾಲ್ಕನೇದನ್ನೇ ಎಡಕ್ಕೆ ತಿರುವಿ ಮಾಡುತ್ತಿದ್ದೇನೆ. ಶನಿವಾರ ಪಿ.ಟಿ. ಆದ ಮೇಲೆ ಹುಣಸೆಮರದ ಕೆಳಗೆ ಇರ್ತೀನಿ, ಗಟ್ಟಿಯಾಗಿ ಕೈ ಹಿಡಿಯುವವರು ಬೇಕು, ಬನ್ನಿ.