ಬಾಗಿಲಲ್ಲಿ ಕೂತವರು

ಯೌವನಸ್ಥರ ವಾಕ್ಯ ಅಧ್ಯಯನ
ಓದುವ ಭಾಗ: ನೆಹೆಮೀಯ 3ನೇ ಅಧ್ಯಾಯ ಮತ್ತು 13:15-22, ಯೋಹಾನ 10:1-9

ನೆಹೆಮೀಯನ ಪುಸ್ತಕ ತೆಗೆದುಕೊಳ್ಳಿ, ಮೂರನೇ ಅಧ್ಯಾಯ. ನನಗೆ ಗೊತ್ತು, ನಿಮ್ಮಲ್ಲಿ ತುಂಬಾ ಜನ ಈ ಅಧ್ಯಾಯ ಬಂದ ಕೂಡಲೇ ಮೊಬೈಲಿನಲ್ಲಿ ಸ್ಕ್ರೋಲ್ ಮಾಡಿ ನಾಲ್ಕಕ್ಕೆ ಹೋಗ್ತೀರಿ. ಬರೀ ಹೆಸರುಗಳು. ಇಂಥವನು ಇಂಥ ಬಾಗಿಲು ಕಟ್ಟಿದ, ಅವನ ಪಕ್ಕದಲ್ಲಿ ಇಂಥವನು. ಬೈಬಲ್ ಕಾಲೇಜಿನಲ್ಲಿ ನಾನೂ ಕುರಿಬಾಗಿಲು, ಮೀನುಬಾಗಿಲು, ತಿಪ್ಪೆಬಾಗಿಲು, ಕುದುರೆಬಾಗಿಲು ಅಂತ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತುಬಿಟ್ಟಿದ್ದೆ.

ಕಳೆದ ತಿಂಗಳು ನೀವು 14 ಜನ ನನ್ನ ಜೊತೆ ನವಲಿಗೆ ಬಂದಿದ್ರಿ. ಅಲ್ಲಿಂದ ಗಂಗಾವತಿಗೆ ಬಂದು, ಕಡೆಬಾಗಿಲು ಅನ್ನೋ ಊರು ಹಾದು, ಸೇತುವೆ ದಾಟಿ ಹಂಪಿ ಕಡೆ ಹೋದ್ವಿ. "ಬ್ರದರ್, ಇದೇನು ಊರಿಗೆ ಬಾಗಿಲು ಅಂತ ಹೆಸರು?" ಅಂತ ಒಬ್ಬರು ಕೇಳಿದ್ರಿ. ವ್ಯಾನಿನಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ, ಇವತ್ತು ಕೊಡ್ತೀನಿ. ಆನೆಗೊಂದಿಯೂ ಕೋಟೆಯ ಊರೇ. ನದಿಯ ಈ ಕಡೆ ಆನೆಗೊಂದಿ, ಆ ಕಡೆ ವಿಜಯನಗರ. ಇಡೀ ಆ ಸೀಮೆಯೇ ಗೋಡೆ, ಗೋಡೆಗೊಂದು ಬಾಗಿಲು ಅಂತ ಕಟ್ಟಿದ್ದು. 1443ರಲ್ಲಿ ಪರ್ಷಿಯಾದಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಝಾಕ್ ಒಂದರೊಳಗೊಂದು ಏಳು ಕೋಟೆ ಗೋಡೆಗಳಿದ್ದವು ಅಂತ ಬರೆದಿಟ್ಟಿದ್ದಾನೆ. ಹೊರಗಿನ ಗೋಡೆಗಳ ನಡುವೆ ಹೊಲ, ಮನೆ, ತೋಟ. ಕುದುರೆ ಸವಾರರು ಒಮ್ಮೆಲೇ ನುಗ್ಗಬಾರದು ಅಂತ ಹೊರಗಡೆ ಆಳೆತ್ತರದ ಕಲ್ಲುಗಳನ್ನ ಹೂತಿದ್ದರಂತೆ.

ತಳಾರಿಗಟ್ಟ ಬಾಗಿಲು ನೆನಪಿದೆಯಾ? ರಸ್ತೆಯೇ ಅದರೊಳಗೆ ಹೋಗುತ್ತೆ. ಎತ್ತರದ ಬಾಗಿಲು, ಮೇಲೆ ಇನ್ನೊಂದು ಅಂತಸ್ತು. ತಳಾರ ಅಂದರೆ ಕಾವಲುಗಾರ. ನಮ್ಮ ಹಳ್ಳಿಗಳಲ್ಲಿ ತಳವಾರ ಅಂತೀವಲ್ಲ, ಅದೇ. ಆನೆಗೊಂದಿ ಕಡೆಯಿಂದ ಹರಿಗೋಲಿನಲ್ಲಿ ಹೊಳೆ ದಾಟಿ ಬಂದವರಿಗೆ ರಾಜಧಾನಿಗೆ ಇದೇ ದಾರಿ. ಆ ಬಾಗಿಲಿಗೆ ಯಾವ ರಾಜನ ಹೆಸರೂ ಅಂಟಿಕೊಂಡಿಲ್ಲ, ಅಲ್ಲಿ ಕೂತ ಕಾವಲಿನವನ ಹೆಸರು ಅಂಟಿಕೊಂಡಿದೆ.

ಭೀಮನ ಬಾಗಿಲು ಇನ್ನೂ ಚೆನ್ನಾಗಿತ್ತು. ಗಾಣಗಿತ್ತಿ ಬಸದಿ ನೋಡಿ ನಡೆದುಕೊಂಡು ಹೋದ್ವಲ್ಲ, ಅದು. ಅಲ್ಲಿ ನೇರವಾಗಿ ಒಳಗೆ ಹೋಗೋಕೆ ಆಗಲ್ಲ. ಒಂದು ಕಡೆಯಿಂದ ಪ್ರವೇಶಿಸಿ ತಿರುಗಬೇಕು, ಮತ್ತೆ ತಿರುಗಬೇಕು. ಆನೆ ಓಡಿ ಬಂದು ಗುದ್ದಬೇಕಾದರೆ ನೇರ ಜಾಗ ಬೇಕು, ಆ ಜಾಗವನ್ನೇ ಅವರು ಕೊಡಲಿಲ್ಲ. ತಿರುವಿನಲ್ಲಿ ಬಂದವನ ವೇಗ ಇಳಿಯುತ್ತೆ, ಒಳಗಿರೋರಿಗೆ ಅವನ ಮುಖ ಕಾಣುತ್ತೆ. ಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿ, ಒಳಗೆ ಮಣ್ಣು ಕಲ್ಲುಪುಡಿ ತುಂಬಿದ್ದಾರೆ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತಂಗಿ ಅಲ್ಲೇ ಹತ್ತು ನಿಮಿಷ ಬೆರಳಿಟ್ಟು ಸಂದಿ ಹುಡುಕುತ್ತಾ ನಿಂತಿದ್ದಳು.

ಈಗ ಇನ್ನೊಬ್ಬನ ಮಾತು ಕೇಳಿ. 1530ರ ದಶಕದ ಹೊತ್ತಿಗೆ ಫೆರ್ನಾವ್ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ ಅಲ್ಲಿದ್ದ. ಅವನಿಗೆ ಬಾಗಿಲ ಕೆತ್ತನೆಗಿಂತ ಸುಂಕದ ಮೇಲೆ ಕಣ್ಣು. ವ್ಯಾಪಾರಿ ಬುದ್ಧಿ! ಒಂದು ಬಾಗಿಲನ್ನ ವರ್ಷಕ್ಕೆ 12,000 ಪರ್ದಾವು ಹಣಕ್ಕೆ ಗುತ್ತಿಗೆ ಕೊಟ್ಟಿದ್ದರು ಅಂತ ಬರೀತಾನೆ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರವನಾಗಲಿ ಪರದೇಶಿಯಾಗಲಿ ಒಳಗೆ ಕಾಲಿಡುವ ಹಾಗಿಲ್ಲ. ದಿನಕ್ಕೆ 2,000 ಹೇರಿನ ಎತ್ತುಗಳು ಬರುತ್ತಿದ್ದವು, ಪ್ರತಿ ಎತ್ತಿಗೂ ಸುಂಕ. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲಿ ಎಲ್ಲೂ ಸುಂಕ ಇರಲಿಲ್ಲವಂತೆ. ಯಾಕೆ ಅಂತ ಅವನು ಹೇಳಲ್ಲ. ನನಗೆ ಓದಿ ನಗು ಬಂತು. ಆಮೇಲೆ ಯೋಚನೆ ಮಾಡಿದೆ, ಬಡ ರೈತ ಬಾಗಿಲ ಮುಂದೆ ನಿಂತು ತನ್ನ ಎತ್ತಿನ ಕೊಂಬು ನೋಡಿಕೊಂಡಿರಬೇಕು.

ಇಷ್ಟು ಗೋಡೆ, ಇಷ್ಟು ಬಾಗಿಲು ಇದ್ದ ಊರು ಹೇಗೆ ಬಿತ್ತು? ಬಾಗಿಲು ಒಡೆದು ಯಾರೂ ಗೆಲ್ಲಲಿಲ್ಲ. 1565ರ ಜನವರಿ 23ರಂದು ಯುದ್ಧ ನಡೆದದ್ದು ಬಹಳ ದೂರ, ಕೃಷ್ಣಾ ನದಿಯ ಹತ್ತಿರ ರಕ್ಕಸಗಿ-ತಂಗಡಗಿ ಸೀಮೆಯಲ್ಲಿ. ಅಲ್ಲಿ ಅಳಿಯ ರಾಮರಾಯ ಸತ್ತ. ಅವನ ತಮ್ಮ ತಿರುಮಲ ರಾಜಧಾನಿಗೆ ಬಂದು, ಖಜಾನೆ ಹೇರಿಕೊಂಡು, ಸದಾಶಿವರಾಯನನ್ನ ಕರಕೊಂಡು ಪೆನುಕೊಂಡೆಗೆ ಹೋಗಿಬಿಟ್ಟ. ಬಾಗಿಲುಗಳು ಇದ್ದ ಹಾಗೇ ಇದ್ದವು, ಕಾಯುವವರು ಹೋಗಿದ್ದರು. ಆಮೇಲೆ ತಿಂಗಳುಗಟ್ಟಲೆ ಲೂಟಿ. ನಮ್ಮ ಕಡೆಯವರಿಗೆ ಗೇಟ್ ಅಂದರೆ ಈಗ ನೆನಪಾಗೋದು ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ. ಬಾಗಿಲನ್ನ ಹಿಡಿದಿರೋದು ಏನು ಅಂತ ನಾವು ನೋಡೋದು ಅದು ಹೋದ ಮೇಲೆ.

ಈಗ ಯೆರೂಸಲೇಮಿಗೆ ಬನ್ನಿ. ಅಲ್ಲಿ ಬಾಗಿಲುಗಳು ಸುಟ್ಟುಹೋಗಿದ್ದವು. ಮೂರನೇ ಅಧ್ಯಾಯದಲ್ಲಿ ಮಹಾಯಾಜಕ ಕುರಿಬಾಗಿಲು ಕಟ್ತಾನೆ, ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು ಗೋಡೆ ಕಟ್ತಾರೆ, ಶಲ್ಲೂಮ ತನ್ನ ಹೆಣ್ಣುಮಕ್ಕಳ ಜೊತೆ ಬರ್ತಾನೆ. ತೆಕೋವದ ದೊಡ್ಡವರು ಮಾತ್ರ ಹೆಗಲು ಕೊಡಲಿಲ್ಲ ಅಂತ ಐದನೇ ವಚನ ಹೇಳುತ್ತೆ. ನನಗಿಷ್ಟವಾದವನು 14ನೇ ವಚನದ ಮಲ್ಕೀಯ. ಅವನು ಒಂದು ಪ್ರಾಂತ್ಯದ ಅಧಿಕಾರಿ, ಅವನಿಗೆ ಸಿಕ್ಕಿದ್ದು ತಿಪ್ಪೆಬಾಗಿಲು. ಊರ ಕಸ ಹೊರಗೆ ಹೋಗುವ ಬಾಗಿಲು. ಅವನು ಅದಕ್ಕೂ ಕದ ಹಚ್ಚಿ, ಅಗುಳಿ ಹಾಕಿದ. 52 ದಿನಗಳಲ್ಲಿ ಗೋಡೆ ಮುಗೀತು.

ಆದರೆ ಪುಸ್ತಕ ಅಲ್ಲಿಗೆ ಮುಗಿಯಲ್ಲ, 13ನೇ ಅಧ್ಯಾಯ ಇದೆ. ಗಟ್ಟಿ ಬಾಗಿಲುಗಳು ನಿಂತಿವೆ, ಸಬ್ಬತ್ ದಿನ ಅದೇ ಬಾಗಿಲುಗಳಲ್ಲಿ ಹೇರು ಕತ್ತೆಗಳು ಸಾಲಾಗಿ ಬರ್ತಿವೆ, ತೂರಿನವರು ಮೀನು ಮಾರ್ತಿದ್ದಾರೆ. ನೆಹೆಮೀಯ ಹೊಸ ಗೋಡೆ ಕಟ್ಟಲಿಲ್ಲ. ಬಾಗಿಲು ಮುಚ್ಚಿಸಿ ತನ್ನ ಸ್ವಂತ ಆಳುಗಳನ್ನ ಅಲ್ಲಿ ನಿಲ್ಲಿಸಿದ. ವ್ಯಾಪಾರಿಗಳು ಒಂದೆರಡು ಸಲ ಹೊರಗೇ ಮಲಗಿ ನೋಡಿದರು, ಆಮೇಲೆ ಬರೋದು ಬಿಟ್ಟರು.

ಇಲ್ಲಿ ಒಂದು ಎಚ್ಚರ. ಕಾವಲು ಅಂದ ತಕ್ಷಣ ನಮಗೆ ಯಾರನ್ನ ತಡೀಬೇಕು ಅನ್ನೋದೇ ಹೊಳೆಯುತ್ತೆ. ನಮ್ಮ ಕಡೆ ಹಳ್ಳಿಗಳಿಗೆ ಅಗಸಿ ಇರುತ್ತೆ, ಊರಬಾಗಿಲು. ನಮ್ಮ ತಾಯಿಯ ತವರಿನಲ್ಲೂ ಇತ್ತು, ಊರ ಹೆಸರು ಬೇಡ. ಕದ ಯಾವ ಕಾಲದಲ್ಲೋ ಹೋಗಿತ್ತು, ಎರಡು ಕಲ್ಲುಕಂಬ ಮಾತ್ರ. ನಮ್ಮ ಕೇರಿ ಅದರ ಹೊರಗೆ. ನಮ್ಮ ತಾತ ಅಗಸಿ ಹತ್ತಿರ ಬಂದ ಕೂಡಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡೀತಿದ್ದ. ಅವನ ಕಾಲಕ್ಕೆ ಅಲ್ಲಿ ಯಾರೂ ಕೂತಿರುತ್ತಿರಲಿಲ್ಲ. ಆದರೂ ಬಿಚ್ಚುತ್ತಿದ್ದ. ಯೇಸು ಊರಬಾಗಿಲ ಹೊರಗೆ ಸತ್ತನು ಅಂತ ಇಬ್ರಿಯ 13:12ರಲ್ಲಿ ಓದಿದಾಗ, ನಮ್ಮ ಅಮ್ಮನಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಅಂಥ ಮನೆಯಿಂದ ಬಂದ ನಾನು ಏನು ಮಾಡಿದೆ ಕೇಳಿ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಭೆಯಲ್ಲಿ ನಾನು ಬಾಗಿಲ ಸೇವೆಯಲ್ಲಿದ್ದೆ. ಇಸ್ತ್ರಿ ಶರ್ಟು, ಎದೆಗೆ ಬ್ಯಾಡ್ಜು. ಆರಾಧನೆ ಶುರುವಾಗಿತ್ತು. ಒಬ್ಬ ಗಾರೆ ಕೆಲಸದವನು ಬಂದ, ಪ್ಯಾಂಟಿನ ಮೇಲೆ ಸಿಮೆಂಟು, ಕೈಯಲ್ಲಿ ಚೀಲ. ಒಳಗೆ ಬಿಳಿ ಕುರ್ಚಿಗಳು. ನಾನು ನಗುನಗುತ್ತಾ, "ಕನ್ನಡ ಸರ್ವಿಸ್ ಮಧ್ಯಾಹ್ನ ಇದೆ ಅಣ್ಣಾ, ಆಗ ಬನ್ನಿ" ಅಂದೆ. ಸುಳ್ಳು. ಒಳಗೆ ನಡೀತಿದ್ದದ್ದೇ ಕನ್ನಡ ಆರಾಧನೆ, ಹಾಡು ಅವನಿಗೂ ಕೇಳಿಸ್ತಿತ್ತು. ಅವನು "ಆತು ಬಿಡ್ರಿ" ಅಂತಂದು ಹೋದ. ಆ ಮಾತಿನ ಧಾಟಿ ನಮ್ಮ ಗಂಗಾವತಿ ಕಡೆಯದು, ನಮ್ಮ ಅಮ್ಮನದು. ಅವನು ಮೆಟ್ಟಿಲು ಇಳಿಯುವಾಗ ನೋಡಿದೆ, ಚಪ್ಪಲಿ ಆಗಲೇ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಮಧ್ಯಾಹ್ನದವರೆಗೂ ಅಲ್ಲೇ ಕಾದೆ. ಬರಲಿಲ್ಲ.

ಯೋಹಾನ 10ಕ್ಕೆ ತಿರುಗಿಸಿ. ಮೂರನೇ ವಚನದಲ್ಲಿ ಬಾಗಿಲು ಕಾಯುವವನಿದ್ದಾನೆ, ಅವನ ಕೆಲಸ ಕುರುಬನಿಗೆ ತೆರೆಯೋದು. ಏಳನೇ ವಚನಕ್ಕೆ ಬರುವಷ್ಟರಲ್ಲಿ ಯೇಸು ತಾನೇ ಕುರಿಗಳಿಗೆ ಬಾಗಿಲು ಅಂತಾನೆ. ಒಬ್ಬನೇ ಕುರುಬನೂ ಬಾಗಿಲೂ ಹೇಗೆ ಅಂತ ನಾನು ಬಹಳ ದಿನ ಒದ್ದಾಡಿದ್ದೇನೆ. ನವಲಿ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಿರ್ತಾರೆ, ನೀವೂ ನೋಡಿದ್ರಿ. ಸುತ್ತ ಬಲೆ ಕಟ್ಟಿ ಒಂದು ಕಡೆ ಸಂದಿ ಬಿಟ್ಟಿರ್ತಾರೆ. ಅಲ್ಲಿ ಕದ ಇಲ್ಲ, ಕಂಬಳಿ ಹೊದ್ದು ಒಬ್ಬ ಮನುಷ್ಯ ಮಲಗಿರ್ತಾನೆ, ಪಕ್ಕದಲ್ಲಿ ನಾಯಿ. ತೋಳ ಬಂದರೂ ಅವನನ್ನ ದಾಟಬೇಕು, ತಪ್ಪಿಸಿಕೊಂಡ ಕುರಿಮರಿ ರಾತ್ರಿ ತಿರುಗಿ ಬಂದರೂ ಮೊದಲು ಮುಟ್ಟೋದು ಅವನನ್ನೇ. ಒಂಬತ್ತನೇ ವಚನ ನೋಡಿ, ಅವನ ಮೂಲಕ ಒಳಗೆ ಹೋದವರು ಹೊರಗೂ ಬರ್ತಾರೆ, ಮೇವು ಕಂಡುಕೊಳ್ತಾರೆ. ಸುಂಕದ ಮಾತೇ ಇಲ್ಲ.

ಈ ವಾರ ಮನೆಯಲ್ಲಿ ನೆಹೆಮೀಯ 3ನ್ನು ಸ್ಕ್ರೋಲ್ ಮಾಡದೆ ಪೂರ್ತಿ ಓದಿ ಬನ್ನಿ. ನೀವು ಯಾವ ಬಾಗಿಲ ಹತ್ತಿರ ನಿಂತಿದ್ದೀರಿ, ಅಲ್ಲಿ ಯಾರು ನಿಮಗಾಗಿ ಕಾದಿದ್ದಾರೆ ಅಂತ ಪ್ರಾರ್ಥನೆಯಲ್ಲಿ ಕೇಳಿ. ಇನ್ನೊಂದು ವಿಷಯ. ನಮ್ಮ ಹಾಲಿನ ಎದುರು ಮೆಟ್ರೋ ಕೆಲಸದವರ ಶೆಡ್ಡುಗಳಿವೆ, ಭಾನುವಾರ ಬೆಳಿಗ್ಗೆ ಅವರಲ್ಲಿ ಕೆಲವರು ಗೇಟಿನ ಹೊರಗೆ ನಿಂತು ಹಾಡು ಕೇಳ್ತಾರೆ. ಬರುವ ಭಾನುವಾರದಿಂದ ಬಾಗಿಲ ಸೇವೆಗೆ ಇಬ್ಬರು ಬೇಕು, ಎಂಟೂವರೆಗೆ ಬರಬೇಕು. ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಬ್ಯಾಡ್ಜ್ ಬೇಡ.