ವರದಿ ಸರಿಯಾಗಿದೆ, ಎದೆಯೇಕೆ ನೋಯುತ್ತದೆ?

ದೊಡ್ಡೇರಿಯ ಕಡೆಯ ಒಂದು ಹಳ್ಳಿಯಿಂದ ಮಧುಗಿರಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ 18 ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಅವನ ಸೋದರಮಾವ ಹೃದಯಾಘಾತದಿಂದ ತೀರಿಕೊಂಡು ಎರಡು ತಿಂಗಳಾಗಿದೆ. ಪರೀಕ್ಷೆಯೂ ಹತ್ತಿರ ಬಂದಿದೆ. ಒಂದು ರಾತ್ರಿ ಓದುತ್ತ ಕುಳಿತಿದ್ದಾಗ ಎದೆಯ ಎಡಭಾಗದಲ್ಲಿ ಚಳುಕು ಕಾಣಿಸಿಕೊಳ್ಳುತ್ತದೆ. ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ಬೆರಳ ತುದಿಗಳು ಜುಮುಜುಮು ಎನ್ನುತ್ತವೆ. ಮರುದಿನ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ರಕ್ತವನ್ನು ಪರೀಕ್ಷಿಸಿ, ಎಲ್ಲವೂ ನಾರ್ಮಲ್ ಎಂದು ಹೇಳಿ ಕಳುಹಿಸುತ್ತಾರೆ. ನಾಲ್ಕು ದಿನ ನೆಮ್ಮದಿ. ಐದನೆಯ ದಿನ ಚಳುಕು ಮರಳಿ ಬರುತ್ತದೆ. ಈಗ ತುಮಕೂರಿಗೆ ಹೋಗಿ ಎಕೋ ಮಾಡಿಸುತ್ತಾನೆ. ಅದೂ ಸರಿಯಾಗಿಯೇ ಇದೆ.

ಊರಿನಲ್ಲಿ ಅವನ ಕಿವಿಗೆ ಬೀಳುವ ಮಾತು ಎರಡು ಬಗೆ. "ನಿನಗೇನೂ ಇಲ್ಲ ಕಣೋ, ಎಲ್ಲ ನಿನ್ನ ಭ್ರಮೆ" ಎನ್ನುವವರು ಕೆಲವರು. "ಬೆಂಗಳೂರಿಗೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಿಬಿಡಪ್ಪ" ಎನ್ನುವವರು ಕೆಲವರು. ಅಜ್ಜಿ ಮಾತ್ರ ಇದು ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಿ ಜೀರಿಗೆ ಕಷಾಯ ಕಾಸಿಕೊಡುತ್ತಾಳೆ. ಅದರಿಂದ ಕೆಡುಕೇನೂ ಇಲ್ಲ. ಮೊದಲಿನ ಎರಡು ಮಾತುಗಳೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ವಿಚಾರಿಸೋಣ.

ವೈದ್ಯಕೀಯ ಪರೀಕ್ಷೆಯೆಂದರೆ ಶರೀರಕ್ಕೆ ನಾವು ಹಾಕುವ ಒಂದು ಪ್ರಶ್ನೆ. ಹಾಕಿದ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತದೆ. ಸಾಧಾರಣ ಇ.ಸಿ.ಜಿ. ಹೃದಯದ ವಿದ್ಯುತ್ ಚಟುವಟಿಕೆಯನ್ನು ಸುಮಾರು 10 ಸೆಕೆಂಡುಗಳ ಕಾಲ ಬರೆದುಕೊಳ್ಳುತ್ತದೆ. ಹೃದಯದ ಲಯ ಹೇಗಿದೆ, ಅದರ ಸ್ನಾಯುವಿಗೆ ಪೆಟ್ಟು ಬಿದ್ದ ಗುರುತುಂಟೆ ಎಂಬುದನ್ನು ಅದು ತಿಳಿಸಬಲ್ಲುದು. ಪಕ್ಕೆಲುಬುಗಳ ನಡುವಣ ಸ್ನಾಯು ಬಿಗಿದುಕೊಂಡು ನೋಯುತ್ತಿದ್ದರೆ ಆ ಸಂಗತಿ ಅದರಲ್ಲಿ ಮೂಡುವುದಿಲ್ಲ, ರಕ್ತದಲ್ಲಿಯೂ ಕಾಣುವುದಿಲ್ಲ. ಆದುದರಿಂದ "ನಾರ್ಮಲ್" ಎಂಬ ಮಾತಿಗೆ "ನೋವಿಲ್ಲ" ಎಂಬ ಅರ್ಥವಿಲ್ಲ. ನಾವು ಅಂಜಿದ್ದ ಆ ಒಂದು ರೋಗದ ಗುರುತು ಸಿಕ್ಕಲಿಲ್ಲ ಎಂಬಷ್ಟೇ ಅದರ ಅರ್ಥ.

ಹಾಗಾದರೆ ಇನ್ನೂ ಹತ್ತಾರು ಪರೀಕ್ಷೆ ಮಾಡಿಸಿದರಾಯಿತಲ್ಲ ಎನ್ನಬಹುದು. ಇಲ್ಲಿ ಗಣಿತ ಅಡ್ಡ ಬರುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಅಚ್ಚಾಗಿರುವ ಸಹಜ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಮಂದಿ ಅದರೊಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಉಳಿದ ಐವರು ಆರೋಗ್ಯವಂತರಾಗಿದ್ದೂ ಮಿತಿಯ ಹೊರಗೆ ನಿಲ್ಲುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಆರೋಗ್ಯವಂತನೊಬ್ಬ ಮಾಡಿಸಿದನೆನ್ನಿ. ಎಲ್ಲವೂ ಮಿತಿಯೊಳಗೆ ಬರುವ ಸಂಭವವೆಷ್ಟು? 0.95ನ್ನು 20 ಸಲ ತೆಗೆದುಕೊಂಡು ಗುಣಿಸಿ ನೋಡಿ: ಸುಮಾರು 0.36. ಎಂದರೆ, ಒಂದಾದರೂ ಪರೀಕ್ಷೆ "ಕೆಟ್ಟಿದೆ" ಎಂದು ಬರುವ ಸಂಭವ 100ಕ್ಕೆ 64! ಹೃದಯದ ಮಾತೂ ಹೀಗೆಯೇ. 1977ರಲ್ಲಿ ಅಮೆರಿಕದ ವೈದ್ಯರು ಹೃದ್ರೋಗದ ಲಕ್ಷಣವಿಲ್ಲದ 50 ಮಂದಿ ವೈದ್ಯವಿದ್ಯಾರ್ಥಿಗಳ ಇ.ಸಿ.ಜಿ.ಯನ್ನು 24 ಗಂಟೆಗಳ ಕಾಲ ಎಡೆಬಿಡದೆ ದಾಖಲಿಸಿದರು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಹೃದಯವು ಆಗೊಮ್ಮೆ ಈಗೊಮ್ಮೆ ಲಯ ತಪ್ಪಿ ಬಡಿದಿತ್ತು. ಅಂಜಿದವನ ಕೈಗೆ ಇಂತಹ ವರದಿ ಸಿಕ್ಕಿದರೆ ಗತಿಯೇನು?

ಸರಿಯಾದ ವರದಿಯಾದರೂ ನೆಮ್ಮದಿ ತರುವುದೆ? ಗಂಭೀರ ರೋಗದ ಸಂಭವ ಕಡಮೆಯಿದ್ದವರಿಗೆ ಪರೀಕ್ಷೆ ಮಾಡಿಸಿ ನೋಡಿದ 14 ಪ್ರಯೋಗಗಳನ್ನು, ಒಟ್ಟು 3,828 ರೋಗಿಗಳ ವಿವರಗಳನ್ನು, ಒಟ್ಟುಗೂಡಿಸಿದ ಒಂದು ವಿಮರ್ಶೆ 2013ರಲ್ಲಿ ಪ್ರಕಟವಾಯಿತು. ಪರೀಕ್ಷೆಯಿಂದ ಅವರ ಆತಂಕವಾಗಲಿ ಲಕ್ಷಣಗಳಾಗಲಿ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ನಮ್ಮ ವಿದ್ಯಾರ್ಥಿಯ ನಾಲ್ಕು ದಿನದ ನೆಮ್ಮದಿ ಲೋಕಾನುಭವಕ್ಕೆ ಒಪ್ಪುವುದೇ ಆಗಿದೆ.

ಇನ್ನು "ಭ್ರಮೆ" ಎಂಬ ಮಾತನ್ನು ನೋಡೋಣ. ಹೊಲದಲ್ಲಿ ಹಾವು ಕಂಡೊಡನೆ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲೀನನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಾಂಗಗಳ ಕೆಲಸ ನಿಧಾನವಾಗುತ್ತದೆ, ಬೆವರು ಒಡೆಯುತ್ತದೆ. ಓಡಲು ಅಥವಾ ಹೋರಾಡಲು ಇದೆಲ್ಲ ಬೇಕು. ಹಾರ್ವರ್ಡಿನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿಯೇ ಇದನ್ನು ಗ್ರಂಥರೂಪದಲ್ಲಿ ವಿವರಿಸಿದನು. ಆದರೆ ಹಾವು ಹೊಲದಲ್ಲಿರದೆ ಮನಸ್ಸಿನಲ್ಲಿದ್ದರೆ ಓಡುವುದೆಲ್ಲಿಗೆ? ಕುಳಿತಲ್ಲಿಯೇ ಉಸಿರಾಟ ಹೆಚ್ಚುತ್ತದೆ. ಶರೀರದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಿನ ಇಂಗಾಲದ ಡೈ ಆಕ್ಸೈಡು ಹೊರಬೀಳುತ್ತದೆ. ರಕ್ತದ ಆಮ್ಲೀಯತೆ ಕುಗ್ಗುತ್ತದೆ. ಮಿದುಳಿನ ರಕ್ತನಾಳಗಳು ಸಂಕುಚಿಸಿ ತಲೆ ಹಗುರಾದಂತಾಗುತ್ತದೆ. ರಕ್ತದಲ್ಲಿ ಕರಗಿರುವ ಕ್ಯಾಲ್ಸಿಯಂ ಅಯಾನುಗಳು ಕಡಮೆಯಾಗಿ ನರಗಳು ಕೆರಳಿ, ತುಟಿ ಬೆರಳುಗಳು ಜುಮುಗುಟ್ಟುತ್ತವೆ. ಇದರಲ್ಲಿ ಸುಳ್ಳು ಯಾವುದು? ಎಲ್ಲವೂ ನಿಜವಾದ ರಸಾಯನಕ್ರಿಯೆಯೇ.

ಇದಕ್ಕೆ ಗಮನವೆಂಬುದೂ ಕೂಡಿಕೊಳ್ಳುತ್ತದೆ. ವಾಚಕರು ಒಂದು ಪ್ರಯೋಗ ಮಾಡಬಹುದು. ಎಡಗೈಯ ತೋರುಬೆರಳನ್ನು ಅಲುಗಿಸದೆ, ಎರಡು ನಿಮಿಷ ಅದರ ತುದಿಯ ಮೇಲೆಯೇ ಮನಸ್ಸನ್ನು ನಿಲ್ಲಿಸಿ. ಬಹುಮಂದಿಗೆ ಅಲ್ಲಿ ಬಿಸುಪು, ಮಿಡಿತ, ಚುಳುಚುಳು ಎನಿಸುವುದು. ಬೆರಳಿಗೆ ರೋಗ ಬಂದಿಲ್ಲ. ಮಿದುಳು ಈವರೆಗೆ ಅಲಕ್ಷಿಸಿದ್ದ ಸುದ್ದಿಯನ್ನು ಈಗ ಆಲಿಸಿತು, ಅಷ್ಟೆ. ಬೆರಳಿನ ಬದಲು ಹೃದಯವನ್ನು, ಎರಡು ನಿಮಿಷದ ಬದಲು ಎರಡು ತಿಂಗಳನ್ನು, ಕುತೂಹಲದ ಬದಲು ಸಾವಿನ ಭಯವನ್ನು ಇಟ್ಟು ನೋಡಿ. ಭಯದಿಂದ ಬಡಿತ, ಬಡಿತದಿಂದ ಭಯ. ಗಳಿಗೆಗೊಮ್ಮೆ ನಾಡಿ ಹಿಡಿಯುವುದು, ರಾತ್ರಿಯೆಲ್ಲ ಮೊಬೈಲಿನಲ್ಲಿ ರೋಗಗಳ ಹೆಸರು ಹುಡುಕುವುದು, ಇವೆರಡೂ ಈ ಸುತ್ತಿಗೆ ಎಣ್ಣೆ ಹೊಯ್ಯುತ್ತವೆ.

ಆದರೆ ಸಿಕ್ಕದ ನೋವೆಲ್ಲವೂ ಆತಂಕದ್ದೇ ಎಂದು ತಳ್ಳಿಬಿಡುವ ಹಾಗೂ ಇಲ್ಲ. ಈ ಸೀಮೆಯಲ್ಲಿಯಂತೂ ಸಲ್ಲದು. ಪಾವಗಡ, ಶಿರಾ, ಮಧುಗಿರಿಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಗ್ರಾನೈಟಿನಂತಹ ಶಿಲೆಗಳೊಳಗಿನ ಖನಿಜಗಳಿಂದ ಅದು ನೀರಿಗಿಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಗುರುತಿಸಿದ ಫ್ಲೋರೋಸಿಸ್ ರೋಗದಲ್ಲಿ, ಎಕ್ಸ್-ರೇಯಲ್ಲಿ ಮೂಳೆಯ ಬದಲಾವಣೆ ಕಾಣುವುದಕ್ಕೆ ಮುಂಚೆಯೇ ಕೀಲುನೋವು, ಬೆನ್ನಿನ ಬಿಗಿತ ಆರಂಭವಾಗಬಹುದು. ವಾಡಿಕೆಯ ರಕ್ತಪರೀಕ್ಷೆ ಇದನ್ನು ಕೇಳುವುದೇ ಇಲ್ಲ. ಕೀಲು, ಬೆನ್ನು ಬಹುಕಾಲದಿಂದ ನೋಯುತ್ತಿರುವವರು ಹತ್ತನೆಯ ಸ್ಕ್ಯಾನಿಗಿಂತ ಮೊದಲು ಮನೆಯ ಕುಡಿಯುವ ನೀರನ್ನು ಪರೀಕ್ಷೆಗೆ ಕೊಡುವುದು ಒಳ್ಳೆಯದು.

ನಮ್ಮ ವಿದ್ಯಾರ್ಥಿ ಮಾಡಬೇಕಾದುದೇನು? ಊರೂರಿನ ವೈದ್ಯರನ್ನು ಬದಲಿಸದೆ, ಒಬ್ಬರಲ್ಲಿಯೇ ನಿಂತು, ಸೋದರಮಾವನ ಸಾವನ್ನೂ ಸೇರಿಸಿ ಎಲ್ಲವನ್ನೂ ಹೇಳಬೇಕು. ಶ್ರಮಪಟ್ಟಾಗ ಎದೆ ಹಿಸುಕಿದಂತೆ ನೋಯುವುದು, ಓಡುವಾಗ ಪ್ರಜ್ಞೆ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ಎಲ್ಲಿಂದಲಾದರೂ ರಕ್ತ ಬೀಳುವುದು, ಇವು ಕಂಡರೆ ಹಳೆಯ ವರದಿಯನ್ನು ನಂಬಿ ಕೂಡಬಾರದು. ಇವಿಲ್ಲದಿದ್ದರೆ ಮುಂದಿನ ಪರೀಕ್ಷೆ ಬೇಕೆ ಎಂಬುದನ್ನು ವೈದ್ಯರೇ ನಿರ್ಣಯಿಸಲಿ. ಬಿಟ್ಟಿದ್ದ ಆಟಕ್ಕೆ ಅವನು ಮೆಲ್ಲಗೆ ಮರಳಬೇಕು; ನಾಡಿ ನೋಡುವುದನ್ನು ದಿನದಿನಕ್ಕೆ ಕಡಮೆ ಮಾಡಬೇಕು.

ಅದರಿಂದಲೂ ಸಾಲದೆ ಹೋದರೆ ಮನೋವೈದ್ಯರುಂಟು. ಅಲ್ಲಿಗೆ ಹೋಗುವುದೆಂದರೆ ಹುಚ್ಚೆಂದು ಬಗೆಯುವವರು ಇಂದಿಗೂ ಇದ್ದಾರೆ, "ಕೊರವಂಜಿ"ಯ ಡಾ. ಎಂ. ಶಿವರಾಂ ಮನೋರೋಗಗಳನ್ನು ಕುರಿತು ಬರೆದ "ಮನಮಂಥನ"ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ನಾಡಿನಲ್ಲಿ ಇದು ಸೋಜಿಗ. ಇಂತಹ ಆತಂಕವಿದ್ದ 444 ರೋಗಿಗಳ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯೋಚನೆಯ ಮತ್ತು ನಡವಳಿಕೆಯ ಜಾಡನ್ನು ತಿದ್ದುವ ಕೆಲವೇ ಭೇಟಿಗಳ ಮಾತಿನ ಚಿಕಿತ್ಸೆಯಿಂದ ಆದ ಗುಣವು ಎರಡು ವರ್ಷಗಳ ಬಳಿಕವೂ ಉಳಿದಿತ್ತು. ಮಧುಗಿರಿಯಿಂದ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಲು ಅನುಕೂಲವಿಲ್ಲದವರು 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು. ಮಾತನ್ನು ಕನ್ನಡದಲ್ಲಿಯೇ ಆಡಬಹುದು.